ಸೊನ್ನೆ ಮೇಷ್ಟ್ರು ಕೊಟ್ಟ ಅಂಕ

ಗಂಡ ಹೆಂಡತಿ ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ, ಎದುರುಬದುರು ಕುರ್ಚಿಯಲ್ಲಿ ಕೂತು ಮೂವತ್ತು ಚಿಲ್ಲರೆ ವರ್ಷ ವಿಜ್ಞಾನದ ಉತ್ತರಪತ್ರಿಕೆ ತಿದ್ದಿದವರು. ಅಂಕದ ವಿಷಯ ಬಂದರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಭೌತಶಾಸ್ತ್ರ ಹೇಳುತ್ತಿದ್ದ ಗಂಡನಿಗೆ ಮಕ್ಕಳು ಇಟ್ಟ ಹೆಸರು ಸೊನ್ನೆ ಮೇಷ್ಟ್ರು. ಉತ್ತರದಲ್ಲಿ ಬೇಕಾದ ಒಂದು ಪದ ಬಿಟ್ಟುಹೋದರೆ ಸಾಕು, ಕೆಂಪು ಪೆನ್ನಿನಲ್ಲಿ ದುಂಡಗೆ ಒಂದು ಸೊನ್ನೆ ಸುತ್ತಿ, ಅದು ಸಾಕಷ್ಟು ದುಂಡಗಾಗಲಿಲ್ಲವೆಂದು ಮೇಲೆ ಇನ್ನೊಂದು ಸುತ್ತು ತಿದ್ದುತ್ತಿದ್ದರು. ಜೀವಶಾಸ್ತ್ರ ಹೇಳುತ್ತಿದ್ದ ಹೆಂಡತಿ ಎಲ್ಲರಿಗೂ ಟೀಚರಮ್ಮ.

"ರೀ, ಅರ್ಧ ಅಂಕನಾದ್ರೂ ಕೊಡ್ರಿ. ಮಗೂಗೆ ಗೊತ್ತಿದೆ, ಪದ ಸಿಕ್ಕಿಲ್ಲ ಅಷ್ಟೆ," ಎಂದು ಟೀಚರಮ್ಮ ಮೇಜಿನ ಈಚೆಯಿಂದ ಗೋಗರೆಯುವುದು.

"ಗೊತ್ತಿದ್ರೆ ಬರೀತಿತ್ತು. ಬರೆದಿಲ್ಲ ಅಂದ್ರೆ ಗೊತ್ತಿಲ್ಲ," ಎಂದು ಮೇಷ್ಟ್ರು ಆಚೆಯಿಂದ ಬಾಗಿಲು ಹಾಕಿಬಿಡುವುದು. ಆ ಅರ್ಧ ಅಂಕದ ಜಗಳ ಸ್ಟಾಫ್ ರೂಮಿನಿಂದ ಬಸ್ಸಿಗೆ, ಬಸ್ಸಿನಿಂದ ಮನೆಗೆ ಬಂದು ಊಟದ ತಟ್ಟೆಯ ಪಕ್ಕದಲ್ಲೇ ಕೂರುತ್ತಿತ್ತು.

ನಿವೃತ್ತಿಯಾದ ಮೇಲೆ ಜಗಳಕ್ಕೆ ಪತ್ರಿಕೆಗಳೇ ಇಲ್ಲ. ಫ್ಯಾನಿನ ವೇಗ, ಕಿಟಕಿಯ ಚಿಲಕ, ಹಾಲು ಉಕ್ಕಿಸಿದ್ದು ಯಾರು ಎಂಬಂಥ ಚಿಲ್ಲರೆ ವಿಷಯಗಳಲ್ಲಿ ಹೇಗೋ ಕಾಲ ತಳ್ಳುತ್ತಿದ್ದರು. ಆದರೆ ನಾಲ್ಕು ವರ್ಷಕ್ಕೊಮ್ಮೆ ಇಬ್ಬರಿಗೂ ಒಂದು ಕರೆ ಬರುತ್ತಿತ್ತು. ಹತ್ತಾರು ದೇಶಗಳ ಹದಿನಾಲ್ಕರ ಆಸುಪಾಸಿನ ಮಕ್ಕಳು ಬರೆಯುವ ವಿಜ್ಞಾನದ ಪರೀಕ್ಷೆ ಅದು. ಟಿಕ್ ಹಾಕುವ ಉತ್ತರಗಳನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಮಕ್ಕಳು ತಮ್ಮ ಮಾತಿನಲ್ಲಿ ಬರೆದದ್ದನ್ನು ಓದಲು ಮಾತ್ರ ಮನುಷ್ಯರೇ ಬೇಕು. ಕೆಲವು ಪ್ರಶ್ನೆಗಳು ಪ್ರತಿ ಸಲವೂ ಅವೇ ಇರುತ್ತವೆ. ಹಳೆಯ ಪ್ರಶ್ನೆಗೆ ಹೊಸ ಮಕ್ಕಳು ಏನು ಬರೆಯುತ್ತಾರೆ ಎಂದು ನೋಡಿದರೆ ತಾನೇ ದೇಶದ ಮಕ್ಕಳ ವಿಜ್ಞಾನ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು? ಅದನ್ನು ಒಂದು ಗೆರೆಯಾಗಿ ಎಳೆದು ತೋರಿಸುತ್ತಾರೆ. ಕಳೆದ ಸಲ ಆ ಗೆರೆ ಕೆಳಗೆ ಜಾರಿತ್ತು. ಸುದ್ದಿಪತ್ರಿಕೆಯವರು ವಾರವಿಡೀ ಮೇಷ್ಟ್ರುಗಳಿಗೆ ಮಂಗಳಾರತಿ ಎತ್ತಿದ್ದರು. ಈ ಸಲವಾದರೂ ಏರಲಿ ಎಂದು ಮೇಲಿನವರು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದರು.

ಈ ಎರಡು ಪರೀಕ್ಷೆಗಳ ನಡುವೆ ಮೇಷ್ಟ್ರಿಗೆ ಒಂದು ಪರೀಕ್ಷೆ ಆಗಿಹೋಗಿತ್ತು. ಎರಡು ವರ್ಷದ ಹಿಂದೆ ಗಡ್ಡ ಹೆರೆದುಕೊಳ್ಳುತ್ತಿದ್ದವರು ಕನ್ನಡಿಯ ಮುಂದೆಯೇ ಕುಸಿದರು. ಲಕ್ವ. ಜೀವಕ್ಕೆ ಅಪಾಯವಾಗಲಿಲ್ಲ, ಬಲಗೈ ಸ್ವಲ್ಪ ಸೋತಿತು, ಮಾತು ಮಾತ್ರ ಚೆಲ್ಲಾಪಿಲ್ಲಿಯಾಯಿತು. ಒಂದು ವರ್ಷ ಒಂದೊಂದೇ ಪದವನ್ನು ಹೆಕ್ಕಿ ಹೆಕ್ಕಿ ವಾಪಸ್ಸು ತಂದುಕೊಂಡರು. ಡಾಕ್ಟರು ಬೆನ್ನು ತಟ್ಟಿ "ಎಲ್ಲಾ ಸರಿಹೋಯ್ತು" ಎಂದರೂ ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ನೆರೆಯವರು ಅವರೊಡನೆ ಮಾತಾಡುವಾಗ ಈಗಲೂ ದನಿ ಎತ್ತರಿಸಿ ನಿಧಾನವಾಗಿ ಮಾತಾಡುತ್ತಿದ್ದರು. ಅದು ಅವರಿಗೆ ಸೊನ್ನೆಗಿಂತ ಕಡೆಯಾಗಿತ್ತು. ಅಂಕ ಹಾಕುವ ಕರೆ ಮತ್ತೆ ಬಂದ ದಿನ ಅವರು ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಆ ಕುರ್ಚೀಲಿ ಮತ್ತೆ ಕೂತ್ರೆ ನಾನು ಪೂರ್ತಿ ವಾಪಸ್ಸು ಬಂದ ಹಾಗೆ ಕಣೇ."

ಟೀಚರಮ್ಮನಿಗೂ ಬೇಕಾದದ್ದು ಅಷ್ಟೇ.

ಅಂಕ ಹಾಕುವ ಹಾಲ್ ಒಂದು ತರಬೇತಿ ಕಾಲೇಜಿನ ಮೇಲಿನ ಮಹಡಿಯಲ್ಲಿತ್ತು. ಸಾಲು ಸಾಲು ಕಂಪ್ಯೂಟರು, ಪ್ರತಿ ಮೇಜಿಗೆ ದಪ್ಪ ರಟ್ಟಿನ ಕೈಪಿಡಿ, ಗೋಡೆಯ ಮೇಲೆ "ಉತ್ತರಗಳ ಬಗ್ಗೆ ಹೊರಗೆ ಮಾತಾಡಬಾರದು" ಎಂಬ ಫಲಕ. ಕಿಟಕಿ ತೆಗೆದರೆ ಬೀದಿಯ ಗದ್ದಲ, ಮುಚ್ಚಿದರೆ ಸೆಕೆ. ಮಕ್ಕಳ ಕೈಬರಹ ಪರದೆಯ ಮೇಲೆ ಬರುತ್ತದೆ. ಯಾವ ಮಗು, ಯಾವ ಶಾಲೆ ಎಂದು ಗೊತ್ತಾಗುವುದಿಲ್ಲ. ಕೈಪಿಡಿ ನೋಡಿ ಒಂದು ಅಥವಾ ಸೊನ್ನೆ ಒತ್ತಬೇಕು. ಅಲ್ಲಿ ಅರ್ಧ ಅಂಕ ಎಂಬುದೇ ಇಲ್ಲ. ಟೀಚರಮ್ಮ ಈ ಸಲ ತಮ್ಮ ಮೇಜಿಗೆ ಮುಖ್ಯಸ್ಥೆ. ಗಂಡ ಅದೇ ಮೇಜಿನ ತುದಿಯ ಕುರ್ಚಿಯಲ್ಲಿ. ಹಾಲಿನೊಳಗೆ ಕಾಲಿಟ್ಟೊಡನೆ ಅವರು ಸರ್, ಇವರು ಮೇಡಂ. ಮನೆಯಲ್ಲಿ ಒಂದು ಲೋಟ ಇತ್ತಿಂದತ್ತ ಇಡಿ ಎಂದರೂ ಕೇಳದ ಮನುಷ್ಯ "ಆಗಲಿ ಮೇಡಂ" ಎನ್ನುವುದನ್ನು ಕೇಳಿ ಟೀಚರಮ್ಮನಿಗೆ ಒಳಗೊಳಗೇ ನಗು.

ಇವರೆಲ್ಲರ ಮೇಲೆ ಒಬ್ಬಳು ಹುಡುಗಿ. ಕೇಂದ್ರದ ಕಚೇರಿಯವಳು, ಸಂಖ್ಯಾಶಾಸ್ತ್ರ ಓದಿದವಳು, ಆ ಏರಿಳಿತದ ಗೆರೆ ಎಳೆಯುವವರಲ್ಲಿ ಒಬ್ಬಳು. ಹಿರಿಯರೆಲ್ಲ ಅವಳನ್ನು ಗೆರೆ ಹುಡುಗಿ ಎಂದೇ ಕರೆಯುತ್ತಿದ್ದರು. ಅವಳಿಗೂ ಆ ಹೆಸರು ಇಷ್ಟವಾಗಿತ್ತು.

ಹೊಸ ಪತ್ರಿಕೆ ಮುಟ್ಟುವ ಮೊದಲು ಒಂದು ಕಟ್ಟಳೆ ಇದೆ. ನಾಲ್ಕು ವರ್ಷದ ಹಿಂದಿನ ಮಕ್ಕಳ ಉತ್ತರಗಳಲ್ಲಿ ಒಂದಷ್ಟನ್ನು ಆರಿಸಿ ಮತ್ತೆ ಅಂಕ ಹಾಕಿಸುತ್ತಾರೆ. ಆಗ ಎಷ್ಟು ಬಿದ್ದಿತ್ತೆಂದು ಹಾಕುವವರಿಗೆ ತೋರಿಸುವುದಿಲ್ಲ. ಆಗ ಬಿದ್ದದ್ದೇ ಈಗಲೂ ಬಿದ್ದರೆ ಕುರ್ಚಿ ಗಟ್ಟಿ. ತುಂಬ ವ್ಯತ್ಯಾಸ ಬಂದರೆ ಇನ್ನೊಂದು ಅವಕಾಶ, ಅದರಲ್ಲೂ ತಪ್ಪಿದರೆ ಮನೆಗೆ.

ಎರಡನೆಯ ದಿನ ಊಟದ ಹೊತ್ತಿಗೆ ಗೆರೆ ಹುಡುಗಿ ಟೀಚರಮ್ಮನ ಪಕ್ಕ ಬಂದು ಬಗ್ಗಿದಳು.

"ಮೇಡಂ, ನಿಮ್ಮ ಮೇಜಲ್ಲಿ ಒಬ್ಬರು ಹಳೇದಕ್ಕೆ ಹೊಂದ್ತಾ ಇಲ್ಲ. ತುಂಬಾನೇ ವ್ಯತ್ಯಾಸ ಇದೆ. ಯಾಕೆ ಅಂತ ಒಂದು ಸಲ ನೋಡ್ತೀರಾ?"

"ಯಾರಮ್ಮ?"

ಹುಡುಗಿ ಮೇಜಿನ ತುದಿಯತ್ತ ನೋಡಿ ಕಣ್ಣು ತಗ್ಗಿಸಿದಳು.

ಟೀಚರಮ್ಮ ಅತ್ತ ತಿರುಗಿ ಗಂಡನ ಕೈಯನ್ನೇ ನೋಡಿದರು. ಅಕ್ಷರ ತಪ್ಪಿ ಓದುತ್ತಿದ್ದಾರೆಯೆ? ಒಂದು ಒತ್ತಲು ಹೋಗಿ ಸೊನ್ನೆ ಒತ್ತುತ್ತಿದ್ದಾರೆಯೆ? ಮತ್ತೆ ತಲೆಯಲ್ಲಿ ಏನಾದರೂ ಕದಲಿತೆ? ಊಟದ ಡಬ್ಬಿ ತೆಗೆಯಲು ಮನಸ್ಸಾಗಲಿಲ್ಲ. ಎಲ್ಲರೂ ಕೆಳಗೆ ಹೋದ ಮೇಲೆ ಗಂಡನ ಅಂಕ ಹಳೆಯದಕ್ಕೆ ಹೊಂದದ ಉತ್ತರಗಳನ್ನು ಟೀಚರಮ್ಮ ತಮ್ಮ ಪರದೆಯ ಮೇಲೆ ಒಂದೊಂದಾಗಿ ತೆರೆದರು.

ಮೊದಲನೆಯದು ಹಳೆಯ ಪ್ರಶ್ನೆಯೇ. ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿಗಳು ಎಲ್ಲಿಂದ ಬಂದವು? ಗಾಳಿಯಲ್ಲಿರುವ ನೀರಿನ ಆವಿಯಿಂದ ಎಂದು ಬರೆಯಬೇಕು. ಮಗು ಬರೆದಿತ್ತು: "ಗಾಳಿಗೆ ಚಳಿಯಾಗಿ ಅದರ ಬೆವರು ಅಂಟಿಕೊಂಡಿತು." ಹಿಂದೆ ಸೊನ್ನೆ. ಈಗ ಮೇಷ್ಟ್ರು ಕೊಟ್ಟದ್ದು ಒಂದು.

ಎರಡನೆಯದು ಒದ್ದೆ ಅಂಗಿಗಳದು. ಒಂದೇ ತರದ ಎರಡು ಅಂಗಿ, ಒಂದನ್ನು ಹರಡಿದೆ, ಒಂದನ್ನು ಮಡಿಸಿ ಇಟ್ಟಿದೆ. ಹರಡಿದ್ದು ಬೇಗ ಯಾಕೆ ಒಣಗುತ್ತದೆ? "ಹರಡಿದ ಅಂಗಿಯಲ್ಲಿ ನೀರು ಹೊರಗೆ ಹೋಗಲು ಬಾಗಿಲು ಜಾಸ್ತಿ." ಹಿಂದೆ ಸೊನ್ನೆ. ಈಗ ಒಂದು.

ಟೀಚರಮ್ಮ ಬೇಗಬೇಗ ಮುಂದಿನವನ್ನು ತೆರೆದರು. ಎಲ್ಲವೂ ಹಾಗೆಯೇ. ಬರೀ ತಪ್ಪು ಬರೆದ ಮಗುವಿಗೆ ಮೇಷ್ಟ್ರು ಸೊನ್ನೆಯನ್ನೇ ಹಾಕಿದ್ದರು, ಸರಿ ಬರೆದದ್ದಕ್ಕೆ ಒಂದು. ಕೈ ತಪ್ಪಿರಲಿಲ್ಲ, ಕಣ್ಣು ತಪ್ಪಿರಲಿಲ್ಲ. ವಿಷಯ ಗೊತ್ತಿದ್ದು ಪದ ಸಿಗದೆ ಒದ್ದಾಡಿದ ಮಕ್ಕಳಿಗೆ ಮಾತ್ರ, ಒಬ್ಬರನ್ನೂ ಬಿಡದೆ ಹುಡುಕಿ ಹುಡುಕಿ, ಅಂಕ ಕೊಟ್ಟಿದ್ದರು. ಮುಖ್ಯಸ್ಥೆಯ ಪರದೆಯಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ: ಹಿಂದಿನ ಸಲ ಆ ಸೊನ್ನೆ ಹಾಕಿದವರು ಯಾರು ಎಂದು. ಮುಕ್ಕಾಲು ಪಾಲು ಇದೇ ಮಹಾನುಭಾವರು.

ಟೀಚರಮ್ಮ ಖಾಲಿ ಹಾಲಿನಲ್ಲಿ ಒಬ್ಬರೇ ಕೂತು ನಕ್ಕರು. ನಗುತ್ತ ನಗುತ್ತಲೇ ಅಳು ಬಂತು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹುಟ್ಟುಗುಣ ಸುಟ್ಟರೂ ಹೋಗದು ಎಂದವರನ್ನು ಕರೆತಂದು ಈ ಪರದೆ ತೋರಿಸಬೇಕು ಅನ್ನಿಸಿತು.

ಗೆರೆ ಹುಡುಗಿಗೆ ಹೇಳಿದಾಗ ಅವಳೂ ನಕ್ಕಳು. ಆದರೆ ತಲೆ ಅಲ್ಲಾಡಿಸಿದಳು.

"ಪಾಪ, ಒಳ್ಳೆ ಮನಸ್ಸು. ಆದ್ರೆ ಮೇಡಂ, ಹೋದ ಸಲ ಇಂಥ ಮಕ್ಕಳಿಗೆಲ್ಲ ಸೊನ್ನೆ ಬಿದ್ದಿದೆ. ಈ ಸಲ ಇಂಥವಕ್ಕೇ ಒಂದು ಬಿದ್ರೆ ಗೆರೆ ಸುಮ್ನೆ ಮೇಲೆ ಹೋಗುತ್ತೆ. ಮಕ್ಕಳು ಕಲಿತೇ ಇಲ್ಲ, ಎಲ್ಲರೂ ಸಿಹಿ ಹಂಚ್ತಾರೆ. ಕಲಿಸೋದು ಬಿಟ್ಟುಬಿಡ್ತಾರೆ. ಬಟ್ಟೆ ಅಳೆಯೋ ಟೇಪನ್ನ ಸಲಕ್ಕೊಂದು ಥರ ಮಾಡಬಾರದು, ಅಲ್ವಾ?"

"ಮಾಡಬಾರದು."

"ಮೊದಲೇ ಇಂಥ ಉತ್ತರಕ್ಕೆ ಅಂಕ ಇಡಬೇಕಿತ್ತೋ ಏನೋ, ಅದು ಬೇರೆ ಮಾತು. ಈಗ ಬದಲಾಯಿಸೋ ಹಾಗಿಲ್ಲ. ಇವತ್ತು ನೀವೇ ಕೂರಿಸ್ಕೊಂಡು ಹೇಳಿ. ನಾಳೆ ಬೆಳಿಗ್ಗೆ ಇನ್ನೊಂದು ಸಲ ಹಾಕ್ಲಿ. ನನಗೂ ಅವರನ್ನ ಕಳಿಸೋಕೆ ಇಷ್ಟ ಇಲ್ಲ ಮೇಡಂ."

ನ್ಯಾಯವಾದ ಮಾತು. ಟೀಚರಮ್ಮನಿಗೆ ಅದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮೂವತ್ತು ವರ್ಷ ಕಾಡಿ ಬೇಡಿ, ಜಗಳವಾಡಿ, ಊಟ ಬಿಟ್ಟು ಯಾವ ಅಂಕಕ್ಕಾಗಿ ಹೋರಾಡಿದ್ದರೋ ಅದನ್ನು ಗಂಡ ಈಗ ಎರಡೂ ಕೈಯಲ್ಲಿ ಕೊಡುತ್ತಿದ್ದಾರೆ. ಕೊಡಬೇಡಿ ಎಂದು ಹೇಳುವ ಕೆಲಸ ತಮ್ಮದೇ ಆಗಬೇಕೆ?

ಹಾಲಿನ ಮೂಲೆಯಲ್ಲಿ ಎರಡು ಕುರ್ಚಿ ಹಾಕಿಸಿದರು.

"ಸರ್, ಇಲ್ಲಿ ಕೂತ್ಕೊಳ್ಳಿ."

"ಏನು ಮೇಡಂ? ನನ್ನ ಮೇಲೆ ದೂರು ಬಂದಿದೆಯಾ?" ಮೇಷ್ಟ್ರು ತಮಾಷೆಯಾಗಿಯೇ ಕೇಳಿದರು. ಆದರೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು. ಹೆದರಿಕೆಯಾದಾಗ ಹಾಗೆ ಮಾಡುವುದು ಲಕ್ವ ಹೊಡೆದ ಮೇಲೆ ಬಂದ ಅಭ್ಯಾಸ.

ಟೀಚರಮ್ಮ ಅಂಗಿಯ ಉತ್ತರ ತೆಗೆದು ತೋರಿಸಿದರು. "ಇದಕ್ಕೆ ಒಂದು ಹಾಕಿದೀರಿ."

"ಹಾಕಿದೀನಿ."

"ಕೈಪಿಡಿ ಏನು ಹೇಳುತ್ತೆ?"

"ಗಾಳಿಗೆ ತಗಲೋ ಮೈ ಹೆಚ್ಚು ಅಂತ ಬರೀಬೇಕು."

"ಬರೆದಿದೆಯಾ?"

"ಇಲ್ಲ." ಮೇಷ್ಟ್ರು ಸ್ವಲ್ಪ ಹೊತ್ತು ಆ ವಕ್ರ ಅಕ್ಷರಗಳನ್ನೇ ನೋಡಿದರು. "ಆದ್ರೆ ಮಗೂಗೆ ಗೊತ್ತಿದೆ ಮೇಡಂ. ಪದ ಸಿಕ್ಕಿಲ್ಲ ಅಷ್ಟೆ."

ಟೀಚರಮ್ಮನಿಗೆ ಸರ್ ಮೇಡಂ ಎಲ್ಲ ಮರೆತುಹೋಯಿತು. "ಅದು ನನ್ನ ಮಾತು ಕಣ್ರೀ!"

"ನಿನ್ನದೇ. ಆಗ ನಂಗೆ ತಲೆಗೆ ಹೋಗ್ಲಿಲ್ಲ." ಮೇಷ್ಟ್ರು ದನಿ ತಗ್ಗಿಸಿದರು. "ಆಸ್ಪತ್ರೆಯಿಂದ ಬಂದ್ಮೇಲೆ ಒಂದಿನ ಕನ್ನಡಕ ಬೇಕಿತ್ತು ನಂಗೆ. ಏನಂತ ಕೇಳ್ದೆ, ನೆನಪಿದೆಯಾ?"

"ಕಣ್ಣಿನ ಕಿಟಕಿ ಕೊಡು ಅಂದ್ರಿ."

"ಕೊಟ್ಟೆಯೋ ಇಲ್ವೋ?"

"ಕೊಟ್ಟೆ."

"ಮೊದಲು ಸರಿಯಾದ ಪದ ಹೇಳಿ, ಆಮೇಲೆ ಕೊಡ್ತೀನಿ ಅನ್ನಲಿಲ್ಲ ನೀನು. ನಂಗೆ ಎಲ್ಲಾ ಗೊತ್ತಿತ್ತು ಕಣೇ. ಒಳಗೆ ಎಲ್ಲಾ ಇತ್ತು, ಬಾಯಿಗೆ ಬರ್ತಿರ್ಲಿಲ್ಲ. ಆಗ ಹಾಸಿಗೇಲಿ ಮಲಗಿ ಯೋಚನೆ ಮಾಡ್ತಿದ್ದೆ, ನನ್ನ ಮುಂದೆ ಕೂತು ಹೋದ ಮಕ್ಕಳಲ್ಲಿ ಎಷ್ಟು ಜನಕ್ಕೆ ಹೀಗೇ ಆಗಿತ್ತೋ ಏನೋ ಅಂತ."

ಟೀಚರಮ್ಮ ಗಂಡನ ಕೈ ಹಿಡಿಯಲಿದ್ದವರು ಹಾಲಿನಲ್ಲಿ ಜನರಿರುವುದು ನೆನಪಾಗಿ ಕೈಪಿಡಿಯ ಅಂಚು ಹಿಡಿದರು. ಟೇಪಿನ ಮಾತನ್ನು ಹುಡುಗಿ ಹೇಳಿದ ಹಾಗೆಯೇ ಹೇಳಿದರು. ಮೇಷ್ಟ್ರು ಎಲ್ಲವನ್ನೂ ಕೇಳಿ ತಲೆದೂಗಿದರು. ಅದು ಅವರಿಗೆ ಗೊತ್ತಿರದ ವಿಷಯವೇನಲ್ಲ.

"ನಾಳೆ ಇನ್ನೊಂದು ಸಲ ಕೊಡ್ತಾರೆ. ಹಳೇ ಮೇಷ್ಟ್ರು ಏನು ಮಾಡ್ತಿದ್ರೋ ಅದೇ ಮಾಡಿ. ಕುರ್ಚಿ ಉಳಿಯುತ್ತೆ. ಅಷ್ಟು ಕಷ್ಟ ಏನಲ್ಲ."

"ಕಷ್ಟ ಏನಿಲ್ಲ. ಆ ಮನುಷ್ಯನ್ನ ನಾನು ಚೆನ್ನಾಗಿ ಬಲ್ಲೆ," ಎಂದರು ಮೇಷ್ಟ್ರು.

"ನಿಮಗಿಂತ ಚೆನ್ನಾಗಿ ನಾನು ಬಲ್ಲೆ," ಎಂದರು ಟೀಚರಮ್ಮ.

ಮನೆಯಲ್ಲಿ ಉತ್ತರಗಳ ಸುದ್ದಿ ಎತ್ತುವ ಹಾಗಿಲ್ಲ, ನಿಯಮ. ಅಂದು ಸಂಜೆ ಇಬ್ಬರೂ ಕಿಟಕಿಯ ಚಿಲಕದ ಬಗ್ಗೆ ಕೂಡ ಜಗಳವಾಡಲಿಲ್ಲ. ಮೇಷ್ಟ್ರು ಮರುದಿನದ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ಸೋತ ಕೈಯಲ್ಲಿ ಕಾಲರು ನೆಟ್ಟಗೆ ಬರಲಿಲ್ಲ. ಟೀಚರಮ್ಮ ನೋಡಿಯೂ ನೋಡದ ಹಾಗೆ ಇದ್ದರು.

ಬೆಳಿಗ್ಗೆ ಹಾಲಿನಲ್ಲಿ ಮೇಷ್ಟ್ರ ಪರದೆಗೆ ಹಳೆಯ ಉತ್ತರಗಳ ಇನ್ನೊಂದು ಕಂತು ಬಂತು. ಅವರು ಒತ್ತುವ ಒಂದೊಂದು ಅಂಕವೂ ಟೀಚರಮ್ಮನ ಪರದೆಯಲ್ಲಿ ಮೂಡುತ್ತಿತ್ತು. ಮೊದಮೊದಲು ಎಲ್ಲ ಸರಿಯಾಗಿಯೇ ಹೊಂದಿತು. ಪದ ತಪ್ಪಿದ ಒಂದು ಉತ್ತರ ಬಂತು, ಮೇಷ್ಟ್ರು ಸೊನ್ನೆ ಒತ್ತಿದರು. ಇನ್ನೊಂದು ಬಂತು, ಅದಕ್ಕೂ ಸೊನ್ನೆ. ಟೀಚರಮ್ಮ ಉಸಿರು ಬಿಟ್ಟರು. ಜೀವನದಲ್ಲಿ ಮೊದಲ ಸಲ ಗಂಡನ ಸೊನ್ನೆ ಅವರ ಕಣ್ಣಿಗೆ ಚಂದವಾಗಿ ಕಂಡಿತು. ಹೀಗೇ ಹಾಕಿಕೊಂಡು ಹೋಗಿಬಿಡಿ ಮಹಾರಾಯರೆ ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಆಮೇಲೆ ಮತ್ತೊಂದು ಲೋಟದ ಉತ್ತರ ಬಂತು. ತಿದ್ದಿ, ಹೊಡೆದು ಹಾಕಿ, ಮತ್ತೆ ಬರೆದು ಮಗು ಅರ್ಧ ಪುಟ ಕೊರೆದಿತ್ತು. "ನೀರು ಒಳಗಿನಿಂದ ಬಂದದ್ದಲ್ಲ. ಹೊರಗಿನದು. ಅದು ಮೊದಲೇ ಇತ್ತು, ನಮಗೆ ಕಾಣುತ್ತಿರಲಿಲ್ಲ. ಅದರ ಹೆಸರು ನನಗೆ ಗೊತ್ತಿತ್ತು, ಈಗ ನೆನಪಾಗುತ್ತಿಲ್ಲ."

ಮೇಜಿನ ತುದಿಯಲ್ಲಿ ಮೇಷ್ಟ್ರ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಅವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಟೀಚರಮ್ಮ ಕಣ್ಣಿನಲ್ಲೇ ಸೊನ್ನೆ, ಸೊನ್ನೆ ಎಂದರು. ಮೇಷ್ಟ್ರು ಕಿರಿದಾಗಿ ನಕ್ಕು ಒಂದು ಒತ್ತಿದರು. ಅಲ್ಲಿಂದಾಚೆಗೆ ಅಂಥ ಎಲ್ಲ ಮಕ್ಕಳಿಗೂ ಒಂದೊಂದು. ಮೊದಲು ಸೊನ್ನೆ ಹಾಕಿದ್ದ ಆ ಎರಡಕ್ಕೂ ಹಿಂದಕ್ಕೆ ಹೋಗಿ ಒಂದೊಂದು ಮಾಡಿಯೇ ಎದ್ದರು.

ಗೆರೆ ಹುಡುಗಿ ದೂರದಿಂದ ಟೀಚರಮ್ಮನನ್ನು ನೋಡಿದಳು. ಟೀಚರಮ್ಮ ಎದ್ದು ಮೇಜಿನ ತುದಿಗೆ ಹೋದರು. ಆ ನಾಲ್ಕು ಹೆಜ್ಜೆಯಲ್ಲಿ ಗಂಡನ ಮೇಲೆ ಉಕ್ಕಿದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಉಕ್ಕಿರಲಿಲ್ಲ.

"ಸರ್, ನೀವಿನ್ನು ಹೊರಡಬಹುದು. ತುಂಬಾ ಉಪಕಾರ ಆಯ್ತು."

"ಆಗಲಿ ಮೇಡಂ." ಮೇಷ್ಟ್ರು ಕುರ್ಚಿಯನ್ನು ಮೇಜಿನೊಳಗೆ ತಳ್ಳಿ, ಪಕ್ಕದವರಿಗೆ ಕೈ ಮುಗಿದು, ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದರು.

ಅವರ ಪಾಲಿನ ಹೊಸ ಪತ್ರಿಕೆಗಳನ್ನು ಮಧ್ಯಾಹ್ನ ಉಳಿದವರಿಗೆ ಹಂಚಿದರು. ಒಂದಷ್ಟು ಟೀಚರಮ್ಮನಿಗೂ ಬಂದವು. ಕತ್ತಲೆ ಕಪಾಟಿನಲ್ಲಿ ಇಟ್ಟ ಗಿಡ ಯಾಕೆ ಹಳದಿಯಾಯಿತು ಎಂಬ ಪ್ರಶ್ನೆಗೆ ಈ ವರ್ಷದ ಒಂದು ಮಗು ಬರೆದಿತ್ತು: "ಅದರ ಒಲೆ ಹಚ್ಚುವವರು ಯಾರೂ ಅಲ್ಲಿ ಇರಲಿಲ್ಲ." ಬೆಳಕಿನ ಮಾತಿಲ್ಲ, ಗಿಡ ಆಹಾರ ಮಾಡಿಕೊಳ್ಳುವ ಮಾತಿಲ್ಲ. ಟೀಚರಮ್ಮ ಕೈಪಿಡಿಯನ್ನು ಎರಡು ಸಲ ಓದಿದರು. ಮೂರನೆಯ ಸಲವೂ ಓದಿದರು. ಇಂಥದೇ ಉತ್ತರ ಬರೆದು ಸೊನ್ನೆ ಪಡೆದ ಹಿಂದಿನ ಮಗುವಿಗೆ ಅನ್ಯಾಯವಾಗಬಾರದು, ಮುಂದೆ ಕಲಿಯುವವರಿಗೆ ಸುಳ್ಳು ಗೆರೆ ತೋರಿಸಬಾರದು. ಕಣ್ಣು ಮಂಜಾದರೂ ಬೆರಳು ಗಟ್ಟಿ ಮಾಡಿಕೊಂಡು ಸೊನ್ನೆ ಒತ್ತಿದರು.

ಸಂಜೆ ಕೆಳಗಿಳಿದು ನೋಡಿದರೆ ಮೇಷ್ಟ್ರು ಗೇಟಿನ ಬಳಿಯ ಕಲ್ಲುಬೆಂಚಿನ ಮೇಲೆ ಕೂತಿದ್ದಾರೆ.

"ಅಯ್ಯೋ, ಮನೆಗೆ ಹೋಗ್ಲಿಲ್ವಾ? ಬೆಳಿಗ್ಗೆಯಿಂದ ಇಲ್ಲೇ ಇದ್ದೀರಾ?"

"ಬೀಗದ ಕೈ ನಿನ್ನ ಚೀಲದಲ್ಲಿದೆ."

"ಮೇಲೆ ಬಂದು ಕೇಳೋಕೆ ಏನಾಗಿತ್ತು?"

"ಹೊರಗೆ ಹಾಕಿಸ್ಕೊಂಡವನು ಮತ್ತೆ ಒಳಗೆ ಬರೋದಾ? ಅಷ್ಟೂ ಮಾನ ಇಲ್ವಾ ನಂಗೆ?"

ಟೀಚರಮ್ಮ ಪಕ್ಕದಲ್ಲಿ ಕೂತರು. ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುತ್ತಿದ್ದರು. ಅವರು ಮರೆಯಾಗುವವರೆಗೂ ಮೇಷ್ಟ್ರು ನೋಡಿದರು. ಆಮೇಲೆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ರಸ್ತೆಯ ಕಡೆಗೇ ಮುಖ ಮಾಡಿ ಕೇಳಿದರು.

"ಉತ್ತರದ ವಿಷಯ ಅಲ್ಲ, ನನ್ನ ವಿಷಯ. ನಿಜ ಹೇಳ್ತೀಯಾ? ನಾನು ಪೂರ್ತಿ ವಾಪಸ್ಸು ಬರ್ಲಿಲ್ಲ, ಅಲ್ವಾ?"

ಟೀಚರಮ್ಮ ಆ ಸೋತ ಕೈಯನ್ನು ಬಿಡಿಸಿ ತಮ್ಮ ಮಡಿಲಿಗೆ ತೆಗೆದುಕೊಂಡರು. ಸುತ್ತ ಯಾರಿದ್ದಾರೆಂದು ಈ ಸಲ ನೋಡಲಿಲ್ಲ.

"ಇಲ್ಲ ಕಣ್ರೀ. ಹಳೇ ಜಾಗಕ್ಕೆ ವಾಪಸ್ಸು ಬರ್ಲಿಲ್ಲ ನೀವು. ಮುಂದಕ್ಕೆ ಹೋಗಿಬಿಟ್ರಿ. ಮಕ್ಕಳ ಗೆರೆ ಈ ಸಲ ಏರುತ್ತೋ ಇಳಿಯುತ್ತೋ ಇನ್ನೂ ಯಾರಿಗೂ ಗೊತ್ತಿಲ್ಲ. ನಿಮ್ಮದು ಮಾತ್ರ ಏರಿದೆ. ನಾನೇ ಒಂದೊಂದೂ ತೆಗೆದು ನೋಡಿದೀನಿ."

"ಏರಿದ್ರೆ ಯಾಕೆ ಹೊರಗೆ ಹಾಕ್ದೆ?"

"ಏರಿದ್ದಕ್ಕೇ ಹಾಕ್ದೆ."

ಮೇಷ್ಟ್ರು ಹೆಂಡತಿಯ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು ಎದ್ದರು.

"ನಡಿ, ಬಸ್ಸು ಬರುತ್ತೆ," ಎಂದರು.